ಇಂಗ್ಲಿಷಿನಲ್ಲಿ ಎಲ್ಲ ಹಾನಿಗೂ ‘ಡಿಸ್ಟ್ರಾಯ್’ ಎಂದರೆ ಸಾಕೇ?

ಪ್ರಶ್ನೆ (ನದಿದಂಡೆ):

2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಹರಿದಾಗ ಮನೆ ಕಳೆದುಕೊಂಡವರ ಮಾತುಗಳನ್ನು ನಮ್ಮ ತಂಡ ಧ್ವನಿಮುದ್ರಿಸಿಕೊಂಡಿತ್ತು. ಅವುಗಳನ್ನು ಇಂಗ್ಲಿಷಿಗೆ ತರುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಒಬ್ಬ ಅಜ್ಜಿ ಒಂದೇ ಉಸಿರಿನಲ್ಲಿ, “ಗ್ವಾಡಿ ಕುಸೀತು, ತೊಲಿ ಮುರೀತು, ಹಂಚು ಒಡದ್ವು, ಮ್ಯಾಲ ಹೊಚ್ಚಿದ ತಾಡಪತ್ರಿ ಹರೀತು, ಜ್ವಾಳ ನಾರಿ ಹೋತು, ನಮ್ಮ ಬಾಳೇ ಮೂರಾಬಟ್ಟಿ ಆತು” ಎಂದಿದ್ದಾರೆ. ಇದಕ್ಕೆಲ್ಲ ‘ಬ್ರೋಕನ್’, ‘ಡಿಸ್ಟ್ರಾಯ್ಡ್’ ಎಂಬ ಎರಡೇ ಪದ ಸಾಕೆಂದು ಜೊತೆಗಾರರೊಬ್ಬರು ವಾದಿಸುತ್ತಿದ್ದಾರೆ. ಹಾಗೆ ಬರೆದರೆ ಅಜ್ಜಿಯ ಮಾತಿನ ಕಸುವೆಲ್ಲ ಹೋಗುತ್ತದೆಂದು ನನಗೆ ಅನಿಸುತ್ತದೆ. ಇಂಗ್ಲಿಷಿನ ಇಂಥ ಪದಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು, ಅದರಲ್ಲೂ ಕೊನೆಯ ಮಾತನ್ನು ಹೇಗೆ ತರಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ನಿವೃತ್ತ ಇಂಗ್ಲಿಷ್ ಮೇಷ್ಟ್ರು):

ಕನ್ನಡವು ವಸ್ತುವಿನ ಗುಣವನ್ನು ನೋಡಿ ಕ್ರಿಯಾಪದವನ್ನು ಆರಿಸಿಕೊಳ್ಳುತ್ತದೆ. ಮಡಕೆ ಮುರಿಯುವುದಿಲ್ಲ, ಕೋಲು ಒಡೆಯುವುದಿಲ್ಲ. ಇಂಗ್ಲಿಷಿನ ‘ಬ್ರೇಕ್’ ಮಡಕೆಗೂ ಕೋಲಿಗೂ ಎಲುಬಿಗೂ ಸಲ್ಲುತ್ತದೆಯಾದರೂ ಬಟ್ಟೆಗೆ, ಕಾಗದಕ್ಕೆ ಸಲ್ಲುವುದಿಲ್ಲ. ಆದ್ದರಿಂದ ತಾಡಪತ್ರಿಗೆ ‘ಟೇರ್’ ಎನ್ನದೆ ಬೇರೆ ದಾರಿಯಿಲ್ಲ. ಉಳಿದವುಗಳಲ್ಲಿ ವಸ್ತು ಯಾವುದು ಎನ್ನುವುದಕ್ಕಿಂತ ಅದು ಹೇಗೆ ಹೋಯಿತು ಎಂದು ಕೇಳಿಕೊಳ್ಳುವುದು ಒಳ್ಳೆಯದು. ತೊಲೆ ಭಾರ ತಾಳದೆ ಒಮ್ಮೆಲೇ ಲಟಕ್ಕೆಂದು ಮುರಿದಿದ್ದರೆ ‘ಸ್ನ್ಯಾಪ್’. ಬಾಗಿ ಬಾಗಿ ಕೊನೆಗೆ ಕೈಕೊಟ್ಟಿದ್ದರೆ ‘ಗಿವ್ ವೇ’. ಗೋಡೆ ಇಡಿಯಾಗಿ ಕೆಳಗೆ ಬಂದಿದ್ದರೆ ‘ಕೊಲ್ಯಾಪ್ಸ್’. ಮಣ್ಣಿನ ಗೋಡೆ ನೀರುಂಡು ಹೆಂಟೆ ಹೆಂಟೆಯಾಗಿ ಉದುರಿದ್ದರೆ ‘ಕ್ರಂಬಲ್’. ಹೆಂಚಿನಲ್ಲಿ ಗೆರೆ ಮೂಡಿಯೂ ಅದು ಬಿಡಿಯಾಗದೆ ನಿಂತಿದ್ದರೆ ‘ಕ್ರ್ಯಾಕ್’. ತೊಲೆ ಮೇಲೆ ಬಿದ್ದು ಒಡೆದಿದ್ದರೆ ‘ಸ್ಮ್ಯಾಶ್’. ಒಂದೇ ಏಟಿಗೆ ನುಚ್ಚುನೂರಾಗಿದ್ದರೆ ‘ಶ್ಯಾಟರ್’. ಚೆಲ್ಲಾಪಿಲ್ಲಿ ಮಾಡುವುದನ್ನು ಹೇಳುವ ‘ಸ್ಕ್ಯಾಟರ್’ ಎಂಬುದು ಈ ‘ಶ್ಯಾಟರ್’ನ ಒಡಹುಟ್ಟು ಎಂಬುದನ್ನು ನೆನಪಿಟ್ಟುಕೊಂಡರೆ ಅದರ ಬಳಕೆಯಲ್ಲಿ ಗೊಂದಲವಾಗದು.

ಈ ಪದಗಳು ಮನಸ್ಸಿನ ಸಂಗತಿಗಳಿಗೆ ಬಂದಾಗಲೂ ತಮ್ಮ ಹಳೆಯ ರೀತಿಯನ್ನು ಬಿಡುವುದಿಲ್ಲ. ತಾಳ್ಮೆ ಒಂದು ಗಳಿಗೆಯಲ್ಲಿ ಕೆಡುವಂಥದ್ದಾದ್ದರಿಂದ ಅದು ‘ಸ್ನ್ಯಾಪ್’ ಆಗುತ್ತದೆ. ಆತ್ಮವಿಶ್ವಾಸವು ದಿನದಿನಕ್ಕೆ ಕರಗಿದರೆ ‘ಕ್ರಂಬಲ್’ ಆಗುತ್ತದೆ, ಒಂದೇ ಸುದ್ದಿಗೆ ಹೋದರೆ ‘ಶ್ಯಾಟರ್’ ಆಗುತ್ತದೆ. ಮಾತುಕತೆ, ಸರ್ಕಾರ, ಮಾರುಕಟ್ಟೆ ಇವೆಲ್ಲ ಗೋಡೆಯ ಹಾಗೆ ‘ಕೊಲ್ಯಾಪ್ಸ್’ ಆಗುತ್ತವೆ. ಮೇಲಿನಿಂದ ಭಾರ ಬಿದ್ದು ನಲುಗಿದ ಜೀವಕ್ಕೆ ‘ಕ್ರಷ್ಡ್’ ಎನ್ನುತ್ತಾರೆ. ನಡುವೆ ಕೆಲವು ಪದಗಳು ದಾರಿ ತಪ್ಪಿ ಹೊಗಳಿಕೆಗೆ ಸೇರಿಕೊಂಡಿವೆ: ಬ್ರಿಟನ್ನಿನಲ್ಲಿ ‘ಸ್ಮ್ಯಾಶಿಂಗ್’ ಎಂದರೆ ಬಹಳ ಸೊಗಸಾದದ್ದು, ನಮ್ಮ ಹುಡುಗರು ‘ಕ್ರ್ಯಾಕ್’ ಮಾಡುವುದು ಪ್ರವೇಶ ಪರೀಕ್ಷೆಗಳನ್ನು.

ಇನ್ನು ‘ಡಿಸ್ಟ್ರಾಯ್’ ಮತ್ತು ‘ರುಯಿನ್’. ‘ಡಿಸ್ಟ್ರಾಯ್’ ಎಂದರೆ ಕಟ್ಟಿದ್ದು ಇನ್ನಿಲ್ಲವಾಯಿತು ಎಂದರ್ಥ. ‘ರುಯಿನ್’ ಎಂದಾಗ ವಸ್ತು ಕಣ್ಣೆದುರಿಗೇ ಇರುತ್ತದೆ, ಆದರೆ ಉಪಯೋಗಕ್ಕೆ ಬಾರದು. ಎಣ್ಣೆಯ ಕಲೆ ರೇಷ್ಮೆ ಸೀರೆಯನ್ನು ‘ರುಯಿನ್’ ಮಾಡುತ್ತದೆಯೇ ಹೊರತು ‘ಡಿಸ್ಟ್ರಾಯ್’ ಮಾಡುವುದಿಲ್ಲ. ಅಜ್ಜಿಯ ಜೋಳ ಹೊಳೆಯಲ್ಲಿ ತೇಲಿಹೋಗಿದ್ದರೆ ‘ವಾಶ್ಡ್ ಅವೇ’, ಮನೆಯೊಳಗೇ ನೆನೆದು ನಾರಿದ್ದರೆ ‘ರಾಟ್’. ಕೊನೆಯ ಮಾತಿನಲ್ಲಿ ‘ಬಟ್ಟೆ’ ಎಂಬುದು ದಾರಿ ಎಂಬ ಅರ್ಥದ ಹಳೆಯ ಪದ. ಬಾಳು ಮೂರಾಬಟ್ಟೆಯಾಯಿತು ಎಂದವರು ತಾವು ನಾಶವಾದೆವು ಎಂದಿಲ್ಲ, ದಿಕ್ಕಾಪಾಲಾದೆವು ಎಂದಿದ್ದಾರೆ. ಇಲ್ಲಿ ನಾನಾಗಿದ್ದರೆ ‘ಫೆಲ್ ಅಪಾರ್ಟ್’ ಎಂದು ಬರೆಯುತ್ತಿದ್ದೆ.

ಉತ್ತರ (ಸರ್ವೇಯರ್, ಹುಬ್ಬಳ್ಳಿ):

ವಿಮೆಯ ನಷ್ಟ ಅಂದಾಜು ಮಾಡುವುದು ನನ್ನ ಕಸುಬು, ಆದ್ದರಿಂದ ಒಂದು ಎಚ್ಚರಿಕೆ ಹೇಳುತ್ತೇನೆ. ಸಾಹಿತ್ಯದಲ್ಲಿ ಹೇಗೋ ಕಾಣೆ, ಕಾಗದಪತ್ರಗಳಲ್ಲಿ ‘ಡ್ಯಾಮೇಜ್ಡ್’ ಮತ್ತು ‘ಡಿಸ್ಟ್ರಾಯ್ಡ್’ ನಡುವಿನ ಅಂತರ ಹಣದ ಅಂತರ. ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡಗಳು ಮನೆಗಳ ಹಾನಿಯನ್ನು ಪೂರ್ಣ, ತೀವ್ರ, ಭಾಗಶಃ ಎಂದು ವಿಂಗಡಿಸುತ್ತವೆ. ‘ಡಿಸ್ಟ್ರಾಯ್ಡ್’ ಎಂಬ ಪದವಿರುವುದು ಪೂರ್ಣ ಹಾನಿಯ ಸಾಲಿನಲ್ಲಿ. ಗುಡಿಸಲನ್ನು ಬಿಟ್ಟು ಉಳಿದ ಮನೆಗಳು ಭಾಗಶಃ ಹಾನಿಯ ಲೆಕ್ಕಕ್ಕೆ ಬರಬೇಕಾದರೆ ಕನಿಷ್ಠ ಶೇ. 15ರಷ್ಟು ಹಾನಿಯಾಗಿರಬೇಕು. ಒಂದು ಗೋಡೆ ಬಿದ್ದ ಮನೆಯನ್ನು ನಿಮ್ಮ ಅನುವಾದ ‘ಡಿಸ್ಟ್ರಾಯ್ಡ್’ ಎಂದು ಕರೆದು, ಅದೇ ಮನೆ ಪಂಚನಾಮೆಯಲ್ಲಿ ಭಾಗಶಃ ಎಂದಿದ್ದರೆ, ಮುಂದೆ ಯಾರಾದರೂ ಎರಡನ್ನೂ ಹೋಲಿಸಿದಾಗ ಆ ಕುಟುಂಬದ ಮಾತಿನ ಮೇಲೆಯೇ ಅನುಮಾನ ಬರುತ್ತದೆ.

ವಾಹನಗಳಲ್ಲಂತೂ ಇದಕ್ಕೆ ಗಣಿತವೇ ಇದೆ. ದುರಸ್ತಿಯ ಒಟ್ಟು ಖರ್ಚು ಪಾಲಿಸಿಯಲ್ಲಿ ನಮೂದಿಸಿದ ಘೋಷಿತ ಮೌಲ್ಯದ, ಅಂದರೆ ಐಡಿವಿಯ, ಶೇ. 75ನ್ನು ಮೀರಿದರೆ ಗಾಡಿಯನ್ನು ‘ಟೋಟಲ್ ಲಾಸ್’ ಎಂದು ಪರಿಗಣಿಸುತ್ತೇವೆ. ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರಬಹುದು, ಗ್ಯಾರೇಜಿನವನು ಸರಿಮಾಡಿ ಕೊಡುತ್ತೇನೆ ಎನ್ನಬಹುದು, ಆದರೂ ಲೆಕ್ಕದಲ್ಲಿ ಅದು ಮುಗಿದುಹೋದ ಗಾಡಿ. ಅಮೆರಿಕದವರು ಇದಕ್ಕೆ ‘ಟೋಟಲ್ಡ್’ ಎಂದರೆ ಬ್ರಿಟನ್ನಿನವರು ‘ರೈಟ್ ಆಫ್’ ಎನ್ನುತ್ತಾರೆ. ಬಾರದ ಸಾಲವನ್ನು ಖಾತೆಯಿಂದ ತೆಗೆದುಹಾಕುವಾಗ ಬಳಸುವ ಮಾತೇ ಇದು. ಯಾವ ಕೆಲಸವೂ ಆಗದೆ ಹೋದ ದಿನವನ್ನೂ ಅವರು ‘ರೈಟ್ ಆಫ್’ ಎಂದೇ ಕರೆಯುತ್ತಾರೆ.

ಮೇಷ್ಟ್ರ ‘ಫೆಲ್ ಅಪಾರ್ಟ್’ ನನಗೆ ಸ್ವಲ್ಪ ಮೆತ್ತಗೆ ಕೇಳಿಸಿತು. ಹೊಳೆ ಬಂದು ಹೊಡೆದದ್ದನ್ನು ಅದು ಹೇಳುವುದಿಲ್ಲ, ತಾನಾಗಿಯೇ ಬಿಚ್ಚಿಕೊಂಡಿತು ಎನ್ನುವಂತಿದೆ. ‘ರೆಕ್ಡ್’ ಎಂದರೆ ಹೇಗೆ? ಅದು ಹಡಗು ಒಡೆದು ದಡಕ್ಕೆ ಬಿದ್ದ ಅವಶೇಷದ ಪದ. ನೀರಿನ ಹೊಡೆತ ಅದರೊಳಗೇ ಇದೆ.

ಉತ್ತರ (ಕೋಟೆಕೊತ್ತಲ):

ಪ್ರವಾಹದ ವರ್ಣನೆಯಾದ್ದರಿಂದ, ಮುತ್ತಿಗೆಯ ಯುದ್ಧದಿಂದ ಬಂದ ಎರಡು ಪದಗಳು ನಿಮಗೆ ಬೇಕಾಗಬಹುದು. ಒಂದು ‘ಬ್ರೀಚ್’. ಇದು ‘ಬ್ರೇಕ್’ನ ಬಳಗದ್ದೇ. ಫಿರಂಗಿಯಿಂದ ಕೋಟೆಗೋಡೆಯನ್ನು ಒಂದೆಡೆ ಒಡೆದು ಮಾಡಿದ ಬಿರುಕುಬಾಗಿಲನ್ನು ಹೀಗೆ ಕರೆಯುತ್ತಾರೆ. 1799ರ ಮೇ 4ರಂದು ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದೊಳಕ್ಕೆ ನುಗ್ಗಿದ್ದು ಅಂಥ ಬ್ರೀಚಿನ ಮೂಲಕ. ಅದಕ್ಕಾಗಿ ಕಾವೇರಿಯ ಬಂಡೆಗಳ ನಡುವೆ ಹಾದು ಬಂದ ಪಡೆಗಳನ್ನು ಮುನ್ನಡೆಸಿದವನು ಡೇವಿಡ್ ಬೇರ್ಡ್. ಇಂದು ಕರಾರು, ನಂಬಿಕೆ, ಕಂಪ್ಯೂಟರಿನ ಮಾಹಿತಿ ಇವೆಲ್ಲಕ್ಕೂ ಬ್ರೀಚ್ ಆಗುತ್ತದೆ. ನೀರಾವರಿ ಇಲಾಖೆಯವರ ಬಾಯಲ್ಲಿ ಮಾತ್ರ ಅದು ಹಳೆಯ ಅರ್ಥದಲ್ಲೇ ಉಳಿದಿದೆ: ಕೆರೆಯ ಏರಿ ಒಡೆದರೆ, ಕಾಲುವೆಯ ಒಡ್ಡು ಕಿತ್ತುಹೋದರೆ ‘ಬ್ರೀಚ್’ ಎಂದೇ ವರದಿ ಬರೆಯುತ್ತಾರೆ. ಏರಿ ಒಡೆದ ಪ್ರಸಂಗವಿದ್ದಲ್ಲಿ ‘ಬ್ರೋಕನ್’ ಬೇಡ.

ಇನ್ನೊಂದು ‘ಅಂಡರ್‌ಮೈನ್’. ಗೋಡೆಯ ಬುಡದಲ್ಲಿ ಸುರಂಗ ತೋಡಿ ಅದನ್ನು ಬೀಳಿಸುವುದು ಇದರ ಮೊದಲ ಅರ್ಥ. ಈ ಕೆಲಸದ ಸೈನಿಕರಿಗೆ ‘ಸ್ಯಾಪರ್’ ಎಂಬ ಹೆಸರು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆ ಆ ಹೆಸರನ್ನು ಇಂದಿಗೂ ಹೊತ್ತಿದೆ. ಒಬ್ಬರ ಅಧಿಕಾರವನ್ನು ಎದುರಿನಿಂದ ಪ್ರಶ್ನಿಸದೆ ಒಳಗೊಳಗೇ ಕೊರೆಯುವುದಕ್ಕೆ ಈಗ ಇದು ಸಲ್ಲುತ್ತದೆಯಾದರೂ, ನೆರೆಯ ನೀರು ತಳಪಾಯದ ಮಣ್ಣನ್ನು ಕೊಚ್ಚಿಕೊಂಡು ಹೋಗಿ, ಗೋಡೆ ವಾರದ ಮೇಲೆ ಬಿದ್ದಿದ್ದರೆ ಅಕ್ಷರಶಃ ಆಗಿದ್ದು ಅದೇ.

ಮತ್ತೆ (ನದಿದಂಡೆ):

ಮೂವರಿಗೂ ಧನ್ಯವಾದಗಳು. ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿದೆ: ಅಜ್ಜಿ ಮುಂದುವರಿದು, ದೊಡ್ಡ ಮಗ ಪುಣೆಗೆ ಹೋದ, ಸಣ್ಣವನು ಗೋವಾಕ್ಕೆ ಹೋದ, ತಾನು ತವರಿನಲ್ಲಿದ್ದೇನೆ ಎನ್ನುತ್ತಾರೆ. ಹಾಗಾಗಿ ‘ಫೆಲ್ ಅಪಾರ್ಟ್’ ಕಡೆಗೇ ನನ್ನ ಮನಸ್ಸು ವಾಲುತ್ತಿದೆ. ಹೊಳೆಯ ಹೊಡೆತವನ್ನು ಹಿಂದಿನ ಐದು ವಾಕ್ಯಗಳು ಹೇಳಿಯೇ ಇವೆ. ಇನ್ನೊಂದು ಸಂಶಯ: ಕುರಿಗಾಹಿಯೊಬ್ಬರು ಹಿಂಡಿನಲ್ಲಿ ಮುಕ್ಕಾಲು ಪಾಲು ಹೋಯಿತು ಎಂದಿದ್ದಾರೆ. ಅದಕ್ಕೆ ‘ಡೆಸಿಮೇಟ್’ ಬಳಸಬಹುದೇ, ‘ಡೆವಸ್ಟೇಟ್’ ಒಳ್ಳೆಯದೇ?

ಉತ್ತರ (ನಿವೃತ್ತ ಇಂಗ್ಲಿಷ್ ಮೇಷ್ಟ್ರು):

ಮಕ್ಕಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿದ್ದರೆ ನಾನೂ ನನ್ನ ಪದವನ್ನು ಬಿಟ್ಟುಕೊಡುವುದಿಲ್ಲ. ಸರ್ವೇಯರ್ ಸಾಹೇಬರು ಕ್ಷಮಿಸಬೇಕು. ‘ಡೆಸಿಮೇಟ್’ ರೋಮನ್ ಸೇನೆಯ ಒಂದು ಶಿಕ್ಷೆಯಿಂದ ಬಂದ ಪದ: ದಂಗೆಯೆದ್ದ ಅಥವಾ ಹೇಡಿತನ ತೋರಿದ ತುಕಡಿಯಲ್ಲಿ ಚೀಟಿಯೆತ್ತಿ ಹತ್ತರಲ್ಲಿ ಒಬ್ಬನನ್ನು ಕೊಲ್ಲುತ್ತಿದ್ದರು. ಈಗ ಬಹುಪಾಲು ನಾಶವಾದದ್ದಕ್ಕೂ ಅದನ್ನು ಬಳಸುತ್ತಾರೆ, ಹಳೆಯ ಅರ್ಥಕ್ಕೆ ಜೋತುಬಿದ್ದವರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಎಣಿಸಬಹುದಾದ ಗುಂಪಿಗೆ ಮಾತ್ರ ಅದು ಸಲ್ಲುವುದರಿಂದ ಕುರಿಹಿಂಡಿಗೆ ಅಡ್ಡಿಯಿಲ್ಲ. ‘ಡೆವಸ್ಟೇಟ್’ ಎನ್ನುವುದು ಬೀಡನ್ನು ಪಾಳು ಮಾಡುವ ಪದ. ಅದು ಊರಿಗೆ, ಹೊಲಗಳಿಗೆ, ದುಃಖದಲ್ಲಿರುವ ಮನುಷ್ಯನಿಗೆ ಹೊಂದುತ್ತದೆ, ಕುರಿಗಳ ಸಂಖ್ಯೆಗೆ ಹೊಂದುವುದಿಲ್ಲ. ಆದರೆ ಕುರಿಗಾಹಿ ಮುಕ್ಕಾಲು ಎಂದು ಲೆಕ್ಕ ಕೊಟ್ಟಿರುವಾಗ ಎರಡನ್ನೂ ಬಿಟ್ಟು, ನಾಲ್ಕರಲ್ಲಿ ಮೂರು ಪಾಲು ಕುರಿಗಳು ಹೋದವು ಎಂದು ಅವರ ಲೆಕ್ಕವನ್ನೇ ಇಂಗ್ಲಿಷಿನಲ್ಲಿ ಬರೆಯಿರಿ.