ಇಂಗ್ರಿಡ್ ಬರ್ಗ್‌ಮನ್: ಇಟಲಿಯ ವರ್ಷಗಳು ವ್ಯರ್ಥವಾದವೇ?

ಪ್ರಶ್ನೆ – ರಂಗಾಸಕ್ತ, ಬೆಳಗಾವಿ

ಟಿಳಕವಾಡಿಯ ನಮ್ಮ ಗೆಳೆಯರ ಬಳಗದವರು ಸ್ವೀಡನ್ನಿನ ನಟಿ ಇಂಗ್ರಿಡ್ ಬರ್ಗ್‌ಮನ್ ಅವರ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದೇವೆ. 1942ರ ‘ಕಾಸಾಬ್ಲಾಂಕಾ’ ಹಾಗೂ ಅವರಿಗೆ ಮೊದಲ ಆಸ್ಕರ್ ತಂದುಕೊಟ್ಟ ‘ಗ್ಯಾಸ್‌ಲೈಟ್’ ಎಲ್ಲರಿಗೂ ಹಿಡಿಸಿದವು. ಆದರೆ ಇಟಲಿಗೆ ಹೋಗಿ ನಿರ್ದೇಶಕ ರೊಸೆಲ್ಲಿನಿ ಅವರೊಂದಿಗೆ ಕೆಲಸ ಮಾಡಿ ವೃತ್ತಿಜೀವನವನ್ನೇ ಹಾಳುಮಾಡಿಕೊಂಡರು ಎಂದು ಕೆಲವರು ವಾದಿಸುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ನಿವೃತ್ತ ಅಧ್ಯಾಪಕ, ವಿಜಯಪುರ

ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ನಿಮ್ಮ ಗೆಳೆಯರ ಮಾತು ಸರಿ. ವಿವಾಹಿತೆಯಾಗಿದ್ದ ಅವರು ರೊಸೆಲ್ಲಿನಿ ಅವರ ಮಗುವಿಗೆ ತಾಯಿಯಾದಾಗ ಅಮೆರಿಕದಲ್ಲಿ ಎಷ್ಟು ಗದ್ದಲವೆದ್ದಿತೆಂದರೆ, 1950ರ ಮಾರ್ಚ್‌ನಲ್ಲಿ ಸೆನೆಟ್ ಸಭೆಯಲ್ಲೇ ಒಬ್ಬ ಸದಸ್ಯರು ಅವರನ್ನು ಖಂಡಿಸಿ ಮಾತನಾಡಿದರು. (ಒಬ್ಬ ನಟಿಯ ಸಂಸಾರದ ಚರ್ಚೆಗೆ ಸೆನೆಟ್‌ಗೆ ಅಷ್ಟು ಪುರುಸೊತ್ತಿತ್ತು!) ಆದರೆ ನಟನೆಯ ಲೆಕ್ಕ ಬೇರೆ. ರೊಸೆಲ್ಲಿನಿ ನಿರ್ದೇಶಿಸಿದ 1954ರ ‘ಜರ್ನಿ ಟು ಇಟಲಿ’ಯಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪ್ರಾಚೀನ ನಗರ ಪಾಂಪೆಯ ಉತ್ಖನನದಲ್ಲಿ, ದೇಹಗಳು ಕರಗಿ ಬೂದಿಯೊಳಗೆ ಉಳಿದ ಪೊಳ್ಳಿಗೆ ಗಿಲಾವು ಸುರಿದು ಮಣ್ಣು ಬಿಡಿಸುತ್ತ ಹೋದಂತೆ, ಜೊತೆಯಲ್ಲೇ ಸತ್ತ ಒಂದು ಗಂಡು–ಹೆಣ್ಣಿನ ಆಕೃತಿ ಮೂಡುತ್ತದೆ. ದಾಂಪತ್ಯ ಮುರಿಯುವ ಹಂತದಲ್ಲಿರುವ ನಾಯಕಿ ಅದನ್ನು ನೋಡಲಾರದೆ ಅಳುತ್ತ ಹಿಂದೆ ಸರಿಯುತ್ತಾಳೆ. ಹಾಲಿವುಡ್‌ನ ನಯವಾದ ಬೆಳಕಾಗಲಿ, ತೂಕದ ಸಂಭಾಷಣೆಯಾಗಲಿ ಅಲ್ಲಿ ಅವರ ನೆರವಿಗೆ ಇಲ್ಲ.

ಉತ್ತರ – ಚಿತ್ರಪ್ರೇಮಿ, ಬಾಗಲಕೋಟೆ

ಸಮಾಜದ ಈ ಸಿಟ್ಟು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಬೀಳಗಿಯ ಗಾಯಕಿ–ನಟಿ ಗೋಹರಬಾಯಿ ಅವರು ಮರಾಠಿ ರಂಗಭೂಮಿಯ ನಟ ಬಾಲಗಂಧರ್ವರೊಡನೆ ಬಾಳಿದ್ದಕ್ಕೆ ಕೇಳಬೇಕಾದ ಮಾತು ಕಡಿಮೆಯೇನಲ್ಲ. ಬರ್ಗ್‌ಮನ್ ಅವರಿಗಾದರೂ 1956ರ ‘ಅನಸ್ತೇಸಿಯಾ’ ಎರಡನೆಯ ಆಸ್ಕರ್ ತಂದಿತು, ಅಮೆರಿಕ ಮತ್ತೆ ಬಾಗಿಲು ತೆರೆಯಿತು.

ಆದರೂ ಗುರುಗಳೇ, ರೊಸೆಲ್ಲಿನಿ ಅವರೊಂದಿಗಿನ ಅವರ ಮೊದಲ ಚಿತ್ರ ‘ಸ್ಟ್ರಾಂಬೋಲಿ’ ಅಲ್ಲಲ್ಲಿ ಕುಂಟುತ್ತದೆ ಎಂಬುದನ್ನು ಒಪ್ಪಲೇಬೇಕು. ಟ್ಯೂನಾ ಮೀನಿನ ಬೇಟೆಯ ದೃಶ್ಯವೊಂದೇ ಮನಸ್ಸಿನಲ್ಲಿ ಉಳಿಯುತ್ತದೆ.

ಉತ್ತರ – ನಿವೃತ್ತ ಅಧ್ಯಾಪಕ, ವಿಜಯಪುರ

ಒಪ್ಪಿದೆ. ಆದ್ದರಿಂದ ಬೆಳಗಾವಿಯವರು ಅದನ್ನು ಬದಿಗಿಟ್ಟು, ‘ಜರ್ನಿ ಟು ಇಟಲಿ’ಯ ಬೆನ್ನಿಗೇ ಇಂಗ್ಮಾರ್ ಬರ್ಗ್‌ಮನ್ ನಿರ್ದೇಶಿಸಿದ 1978ರ ‘ಆಟಮ್ ಸೊನಾಟಾ’ ನೋಡಲಿ. ಹೆಸರಾಂತ ಪಿಯಾನೋ ವಾದಕಿಯಾದ ತಾಯಿ (ಇದು ಇಂಗ್ರಿಡ್ ಅವರ ಪಾತ್ರ), ಮಗಳು ತಡವರಿಸುತ್ತ ನುಡಿಸುವ ಶೋಪ್ಯಾನ್‌ನ ಕೃತಿಯನ್ನು ಕೇಳುತ್ತ ಕುಳಿತಾಗ, ಆಕೆಯ ಮುಖದಲ್ಲಿ ಮಮತೆಯೂ ಕಲಾವಿದೆಯ ಅಸಹನೆಯೂ ಒಟ್ಟಿಗೇ ಸುಳಿಯುತ್ತವೆ. ‘ಕಾಸಾಬ್ಲಾಂಕಾ’ದ ನಟಿ ನೇರವಾಗಿ ಇಲ್ಲಿಗೆ ಬರುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ, ದಾರಿ ಇಟಲಿಯ ಮೇಲೆಯೇ ಹಾದುಬಂದಿದೆ.