ಸಹಾಯ ಬೇಕು: ಹಲ್ಲಿನ ಇಂಪ್ಲಾಂಟ್ ಸ್ಕ್ರೂವಿನ ಭದ್ರತೆಯನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರ್. ಹಲ್ಲಿನ ಇಂಪ್ಲಾಂಟಿಗೆ (ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಬೇರು), ಕೃತಕ ಹಲ್ಲನ್ನು ಹೊರುವ ನಡುಕೊಂಡಿಯಾದ ಅಬಟ್‌ಮೆಂಟನ್ನು ಬಿಗಿಯುವ ಟೈಟಾನಿಯಂ ಮಿಶ್ರಲೋಹದ ಸ್ಕ್ರೂವೊಂದನ್ನು ವಿನ್ಯಾಸ ಮಾಡುತ್ತಿದ್ದೇನೆ. ಬಿಗಿದಾಗ ಸ್ಕ್ರೂ ಕೂದಲೆಳೆಯಷ್ಟೂ ಅಲ್ಲದಷ್ಟು ಹಿಗ್ಗಿ, ಮರಳಿ ಕುಗ್ಗಲು ಹವಣಿಸುವ ಆ ಎಳೆತ, ಅಂದರೆ ಪ್ರೀಲೋಡ್, ಎರಡೂ ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಅದು ಇಳಿದರೆ ಅಗಿಯುವಾಗ ಸ್ಕ್ರೂ ಸಡಿಲವಾಗುತ್ತದೆ.

ಮೊದಲು 35 ನ್ಯೂಟನ್ ಸೆಂಟಿಮೀಟರ್ ಟಾರ್ಕಿನಲ್ಲಿ (ತಿರುಗಿಸುವ ಬಲ) ಬಿಗಿದು, ಸ್ಕ್ರೂವಿನ ಸುರುಳಿ ಎಳೆಗಳ (ಥ್ರೆಡ್) ಮೇಲಿನ ಸೂಕ್ಷ್ಮ ಉಬ್ಬುತಗ್ಗುಗಳು ಅಮುಕಿಕೊಳ್ಳಲೆಂದು 10 ನಿಮಿಷ ಬಿಟ್ಟು, ಅಷ್ಟೇ ಟಾರ್ಕಿನಲ್ಲಿ ಮತ್ತೊಮ್ಮೆ ಬಿಗಿದೆ. ಬಿಚ್ಚಲು ಸುಮಾರು 29 ಬೇಕಾಯಿತು. ಬಳಿಕ ಘರ್ಷಣೆ ತಗ್ಗಿಸಲು ವಜ್ರದಂಥ ಇಂಗಾಲದ ಲೇಪನ ಮಾಡಿಸಿದೆ (ಅದಕ್ಕೆ ತೆತ್ತ ಹಣವನ್ನು ನೆನೆಯದಿರುವುದೇ ಲೇಸು). ಆ ಸ್ಕ್ರೂ 23ಕ್ಕೇ ಬಿಚ್ಚಿಕೊಂಡಿತು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲೇಪನವಿಲ್ಲದ ಸ್ಕ್ರೂವಿನ ಮೊದಲ ಎರಡು ಎಳೆಗಳ ಅಂಚು ಉಜ್ಜಿ ಹೊಳೆಯುತ್ತಿತ್ತು, ಲೇಪನವಿದ್ದದ್ದು ಹೊಸದರಂತೆಯೇ ಇತ್ತು.

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ಘರ್ಷಣೆ ಕಡಿಮೆಯಾದರೆ ಅದೇ ಟಾರ್ಕಿಗೆ ಪ್ರೀಲೋಡ್ ಹೆಚ್ಚುತ್ತದೆ, ಆದರೆ ಬಿಚ್ಚುವುದೂ ಸುಲಭವಾಗುತ್ತದೆ. ಹೀಗಿರುವಾಗ ಬಿಚ್ಚುವ ಟಾರ್ಕ್ ಇಳಿದದ್ದನ್ನು ವಿನ್ಯಾಸದ ಸೋಲೆನ್ನಬೇಕೇ? ಐಎಸ್‌ಒ 14801 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 30 ಡಿಗ್ರಿ ಓರೆಯಲ್ಲಿ 50 ಲಕ್ಷ ಸಲ ಹೊರೆ ಹಾಕುವ ಪರೀಕ್ಷೆ ಮುಖ್ಯವಾಗಿ ಲೋಹದ ದಣಿವಿನಿಂದಾಗುವ ಮುರಿತವನ್ನು ತೋರಿಸುತ್ತದೆಯೇ ಹೊರತು ಸಡಿಲಿಕೆಯನ್ನಲ್ಲ.

ಈ ಕೆಲಸದಲ್ಲಿ ಪಳಗಿದವರು ದಯವಿಟ್ಟು ತಿಳಿಸಿ: ಲೇಪನವಿರುವ ಮತ್ತು ಇಲ್ಲದ ಸ್ಕ್ರೂಗಳನ್ನು ಹೋಲಿಸಲು, ಹೊರೆ ಹಾಕಿದ ಮೇಲೆ ಉಳಿಯುವ ಬಿಚ್ಚುವ ಟಾರ್ಕಿನ ಶೇಕಡಾವಾರು ಸಾಕೇ, ಅಥವಾ ಸ್ಕ್ರೂವಿನ ಎಳೆತವನ್ನೇ ನೇರವಾಗಿ ಅಳೆಯಬೇಕೇ?