ಅಪ್‌ಡೇಟ್: ಕಲಬುರಗಿ ಕಾಲೇಜಿನ ಕಿರುಕುಳದ ದೂರು ಏನಾಯ್ತು

ಕಾಲೇಜಿನ ಲ್ಯಾಬಿನಾಗ ಸರ್ ಒಬ್ರು ತಂಗಿಗೆ ಲೈಂಗಿಕ ಕಿರುಕುಳ ಕೊಡ್ತಾರ, ದೂರು ಕೊಟ್ರ ಊರಿಗೆಲ್ಲ ಗೊತ್ತಾಗ್ತದೇನು ಅಂತ ಹಿಂದ ಇಲ್ಲೇ ಕೇಳಿದ್ದೆ. ಹೆಸರಿಲ್ಲದೆ ದೂರುಪೆಟ್ಟಿಗಿಗೆ ಹಾಕ್ರಿ ಅಂತ ನಿಮ್ಮಾಗ ಕೆಲವ್ರು ಅಂದಿದ್ರಲ್ಲ, ಅದರಿಂದ ಏನೂ ಆಗ್ಲಿಲ್ಲ. ಕೆಲಸಕ್ಕ ಬಂದಿದ್ದು ಆಂತರಿಕ ದೂರು ಸಮಿತಿಗೇ (ಲೈಂಗಿಕ ಕಿರುಕುಳದ ದೂರು ವಿಚಾರಿಸೋ ಕಾಲೇಜಿನ ಸಮಿತಿ) ಬರೀರಿ ಅಂದವರ ಮಾತು. (ಘಟನೆ ಆದ 3 ತಿಂಗಳೊಳಗ ಕೊಡ್ಬೇಕು ನೋಡ್ರಿ.) ಆಫೀಸಿನ ಕ್ಲರ್ಕ್ 'ಏನದು, ನೋಡೂಣು' ಅಂತ ದೂರಿನ ಕವರಿಗೆ ಕೈ ಚಾಚಿದ. ತಂಗಿ ಕೊಡ್ಲಿಲ್ಲ, ಸಮಿತಿ ಅಧ್ಯಕ್ಷೆ ಮೇಡಂ ಕೈಯಾಗೇ ಕೊಟ್ಟು, ಪ್ರತಿ ಮ್ಯಾಲ ಸಹಿ ಹಾಕಿಸ್ಕೊಂಡ್ಳು. ಭೇಷ್ ಹುಡುಗಿ!

ಒಂದು ಮಾತ್ರ ನಮಗ ಗೊತ್ತಿರಲಿಲ್ಲ: ದೂರಿನ ಪ್ರತಿ ಆ ಸರ್‌ಗೂ ಹೋಗ್ತದ, ಹೆಸರು ಸಮೇತ. ಅವ್ವ ಗಾಬರಿಯಾದ್ಲು. ಆದ್ರ ಕೆಲಸದ ಜಾಗದಾಗ ಹೆಣ್ಮಕ್ಕಳಿಗೆ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯ 16ನೇ ಕಲಂ ಪ್ರಕಾರ ದೂರು ಕೊಟ್ಟಾಕಿ, ಸರ್, ಸಾಕ್ಷಿ, ಯಾರ ಹೆಸರೂ ಹೊರಗ ಬಿಡಂಗಿಲ್ಲ. ಆರ್‌ಟಿಐ ಹಾಕಿದ್ರೂ ಸಿಗಂಗಿಲ್ಲ. ವಿಚಾರಣೆ ನಡದದ, 90 ದಿನದಾಗ ಮುಗಿಸ್ಬೇಕು. ಸದ್ಯ ಆಕಿ ಲ್ಯಾಬ್ ಮಾರ್ಕ್ಸ್ ಬ್ಯಾರೆ ಮೇಡಂ ಹಾಕ್ತಾರ.